ಎಐ ಮಾಡಿದ ಚಿತ್ರಗಳಿರುವ ನನ್ನ ಮಕ್ಕಳ ಪುಸ್ತಕದ ಕಾಪಿರೈಟ್ ಯಾರದು?

ನಿಮ್ಮ ಪ್ರಶ್ನೆ ಇದು: ಯಕ್ಷಗಾನ ಕಲಿಯುವ ಹುಡುಗನ ಕಥೆ ನೀವೇ ಬರೆದದ್ದು, 24 ಪುಟದ ಚಿತ್ರಗಳನ್ನು ಎಐ ಆ್ಯಪ್‌ನಲ್ಲಿ ಮಾಡಿಸಿದ್ದೀರಿ. ಪುಸ್ತಕ ನಿಮ್ಮದೇ ಆಗುತ್ತದೆಯೇ, ಬೇರೆಯವರು ಚಿತ್ರ ಎತ್ತಿಕೊಂಡರೆ ತಡೆಯಬಹುದೇ?

ಕಥೆ ನಿಮ್ಮದು, ಅದರಲ್ಲಿ ಎರಡು ಮಾತಿಲ್ಲ. ಬರೆದ ಕೂಡಲೇ ಹಕ್ಕು ಹುಟ್ಟಿದೆ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲ ಮುಗಿದ ಮೇಲೂ 60 ವರ್ಷ ಉಳಿಯುತ್ತದೆ. ತೊಡಕಿರುವುದು ಚಿತ್ರಗಳಲ್ಲಿ.

1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಒಂದು ಸಾಲು ಸೇರಿಸಿದರು: ಕಂಪ್ಯೂಟರ್ ಮೂಲಕ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ಹಲವರು ಇಷ್ಟನ್ನೇ ಓದಿ ನಿಶ್ಚಿಂತರಾಗುತ್ತಾರೆ. ಆದರೆ ಕರ್ತೃ ಯಾರೆಂಬುದು ಒಂದು ಪ್ರಶ್ನೆ, ಕೃತಿ ಸ್ವಂತದ್ದೇ ಎಂಬುದು ಇನ್ನೊಂದು. ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್, ಬರೀ ಶ್ರಮ ಸಾಲದು, ಕೌಶಲ, ವಿವೇಚನೆ ಮತ್ತು ಸ್ವಲ್ಪವಾದರೂ ಸೃಜನಶೀಲತೆ ಇರಬೇಕು ಎಂದಿತು. ‘ಯಕ್ಷಗಾನ ವೇಷದ ಹುಡುಗ, ಜಲವರ್ಣ’ ಎಂದು ಟೈಪ್ ಮಾಡಿದ್ದು ಆ ಅಳತೆಗೆ ನಿಲ್ಲುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ‘ಸೂರ್ಯಾಸ್ತ್’ ಎಂಬ ಚಿತ್ರಕ್ಕೆ ಎಐ ಸಾಧನವನ್ನು ಸಹಕರ್ತೃವಾಗಿ ಸೇರಿಸಿ ನಮ್ಮ ಕಾಪಿರೈಟ್ ಕಚೇರಿ 2020ರಲ್ಲಿ ನೋಂದಣಿ ಕೊಟ್ಟಿತು, ಮರುವರ್ಷವೇ ಹಿಂಪಡೆಯುವ ನೋಟಿಸ್ ಕಳಿಸಿತು. ಅದೇ ಚಿತ್ರವನ್ನು ಅಮೆರಿಕದ ಕಚೇರಿ 2023ರ ಡಿಸೆಂಬರ್‌ನಲ್ಲಿ ತಿರಸ್ಕರಿಸಿತು.

ನಿಮ್ಮ ಪುಸ್ತಕಕ್ಕೆ ತೀರಾ ಹತ್ತಿರದ ಉದಾಹರಣೆ ‘ಝರ್ಯಾ ಆಫ್ ದಿ ಡಾನ್’ ಎಂಬ ಕಾಮಿಕ್ಸ್. 2023ರ ಫೆಬ್ರವರಿಯಲ್ಲಿ ಅಮೆರಿಕದ ಕಚೇರಿ ಅದರ ಬರಹಕ್ಕೂ ಪುಟಗಳ ಜೋಡಣೆಗೂ ಹಕ್ಕು ಒಪ್ಪಿತು, ಎಐ ಕೊಟ್ಟ ಬಿಡಿ ಚಿತ್ರಗಳಿಗೆ ಒಪ್ಪಲಿಲ್ಲ. ಅಂದರೆ ನಿಮ್ಮ ಕೈ ಎಲ್ಲಿ ಓಡಿದೆಯೋ ಅಲ್ಲಿಯವರೆಗೆ ಹಕ್ಕು ಗಟ್ಟಿ. ಹಾಗಾಗಿ ಕೈ ಓಡಿಸಿ, ಅದರ ಗುರುತು ಉಳಿಸಿಕೊಳ್ಳಿ.

ಎಐಗೆ ‘ಯಕ್ಷಗಾನ’ ಎಂದರೆ ಅದು ಹೆಚ್ಚಾಗಿ ಕೊಡುವುದು ಟಿವಿ ಪುರಾಣದ ರಾಜನ ಚಿನ್ನದ ಕಿರೀಟ. ಯಕ್ಷಗಾನ ವೇಷದ ತಲೆಯುಡುಗೆಯಾದ ಕೇದಗೆ ಮುಂದಲೆ ಅದಕ್ಕೆ ಸರಿಯಾಗಿ ಗೊತ್ತಿರುವುದಿಲ್ಲ. ಆ ಕಿರೀಟ ಅಳಿಸಿ ಮುಂದಲೆಯನ್ನು ನೀವೇ ಬರೆಯಿರಿ, ಮುಖವರ್ಣಿಕೆ ತಿದ್ದಿ, ಹಿನ್ನೆಲೆಯ ಚೌಕಿಯನ್ನು (ವೇಷ ಕಟ್ಟುವ ಕೋಣೆ) ನೀವೇ ಜೋಡಿಸಿ. ಚಿತ್ರದೊಳಗಿನ ಕನ್ನಡ ಅಕ್ಷರಗಳನ್ನು ಎಐಗೆ ಬಿಡಲೇಬೇಡಿ, ಒತ್ತಕ್ಷರಗಳು ಕಲಸಿಹೋಗಬಹುದು. ಅಕ್ಷರವನ್ನು ಎಡಿಟಿಂಗ್ ಫೈಲ್‌ನ ಬೇರೆ ಲೇಯರ್‌ನಲ್ಲಿ (ಪದರದಲ್ಲಿ) ನೀವೇ ಕೂರಿಸಿ. ಪ್ರತಿ ಪುಟಕ್ಕೆ ಒಂದು ಫೋಲ್ಡರ್ ಇಟ್ಟು, ಅದರಲ್ಲಿ ನಿಮ್ಮ ಪೆನ್ಸಿಲ್ ಸ್ಕೆಚ್, ಎಐಗೆ ಟೈಪ್ ಮಾಡಿದ ಸೂಚನೆ (ಪ್ರಾಂಪ್ಟ್), ಎಐ ಕೊಟ್ಟ ಮೂಲ ಚಿತ್ರ, ಲೇಯರ್ ಕೂಡಿಸದೆ ಉಳಿಸಿದ ಎಡಿಟಿಂಗ್ ಫೈಲ್, ಕೊನೆಯ ಪ್ರತಿ ಹಾಕಿ. ಫೈಲ್‌ಗಳ ತಾರೀಖು ಅಳಿಯದಂತೆ ನೋಡಿಕೊಳ್ಳಿ. ಅಂತಿಮ ಜೆಪೆಗ್ ಒಂದೇ ಉಳಿಸಿಕೊಂಡವರು ಜಗಳ ಬಂದಾಗ ಬರಿಗೈಯಲ್ಲಿ ನಿಲ್ಲುತ್ತಾರೆ. ಆ್ಯಪ್‌ನ ಷರತ್ತುಗಳ ಪುಟವನ್ನೂ ಅಂದಿನ ದಿನಾಂಕದೊಂದಿಗೆ ಪಿಡಿಎಫ್ ಮಾಡಿಡಿ. ‘ಚಿತ್ರ ನಿಮ್ಮದು’ ಎಂದು ಅಲ್ಲಿದ್ದರೂ ಅದು ಕಂಪನಿಗೂ ನಿಮಗೂ ನಡುವಿನ ಒಪ್ಪಂದ ಮಾತ್ರ. ಹೊರಗಿನವನನ್ನು ಅದು ಕಟ್ಟಿಹಾಕುವುದಿಲ್ಲ.

ಯಾರೋ ತೆಗೆದ ಯಕ್ಷಗಾನದ ಫೋಟೊವನ್ನು ಮಾದರಿಗೆಂದು ಅಪ್‌ಲೋಡ್ ಮಾಡಿದ್ದೀರಾ? ಹಾಗಿದ್ದರೆ ಆ ಪುಟ ಕಿತ್ತುಹಾಕಿ. ಫೋಟೊಗ್ರಾಫರ್‌ನ ಹಕ್ಕು ನಡುವೆ ಎಐ ಬಂದ ಮಾತ್ರಕ್ಕೆ ಕರಗುವುದಿಲ್ಲ. ಕಲಾವಿದರ ಶೈಲಿಗೆ ಕಾಪಿರೈಟ್ ಇಲ್ಲ, ಅವರ ನಿರ್ದಿಷ್ಟ ಚಿತ್ರಕ್ಕಿದೆ. ಪ್ರಾಂಪ್ಟ್‌ನಲ್ಲಿ ಹೆಸರು ಹಾಕಿದರೆ ಅವರ ಚಿತ್ರವನ್ನೇ ಹೋಲುವಂಥದ್ದು ಬರುವ ಸಂಭವ ಹೆಚ್ಚು, ಹಾಗಾಗಿ ಹಾಕಬೇಡಿ. ಮುದ್ರಣಕ್ಕೆ ಮುಂಚೆ 24 ಚಿತ್ರಗಳನ್ನೂ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ ನೋಡಿ.

ನೋಂದಣಿ ಬೇಕೆಂದರೆ ಕಾಪಿರೈಟ್ ಕಚೇರಿಯ ವೆಬ್‌ಸೈಟ್‌ನಲ್ಲಿ 14ನೇ ಫಾರ್ಮ್, ಸಾಹಿತ್ಯ ಕೃತಿಗೆ 500 ರೂಪಾಯಿ. ಅರ್ಜಿಗೆ ಡೈರಿ ನಂಬರ್ ಬಂದ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಬರಹವನ್ನು ಸಾಹಿತ್ಯ ಕೃತಿಯಾಗಿ ಹಾಕಿ. ಚಿತ್ರಗಳಲ್ಲಿ ನೀವು ಗಣನೀಯವಾಗಿ ಬರೆದು ತಿದ್ದಿದವನ್ನು ಮಾತ್ರ ಕಲಾಕೃತಿಯಾಗಿ ಬೇರೆ ಅರ್ಜಿಯಲ್ಲಿ ಕೊಡಿ, ಎಐ ಬಳಸಿದ್ದನ್ನು ಮುಚ್ಚಿಡಬೇಡಿ. ಪ್ರಕಾಶಕರ ಕರಾರಿನಲ್ಲಿ ‘ಪೂರ್ತಿ ಲೇಖಕರ ಸ್ವಂತ ಕೃತಿ, ತಪ್ಪಿದರೆ ನಷ್ಟ ತುಂಬಿಕೊಡುತ್ತೇನೆ’ ಎಂಬ ಸಾಲಿದ್ದರೆ, ಚಿತ್ರಗಳ ವಿಷಯವನ್ನು ಬರವಣಿಗೆಯಲ್ಲಿ ಸೇರಿಸದೆ ಸಹಿ ಮಾಡಬೇಡಿ. ಎಲ್ಲಕ್ಕಿಂತ ದುಬಾರಿಯಾಗಬಹುದಾದ ಸಾಲು ಅದು.

ನಾಳೆ ಯಾರಾದರೂ ಪುಟಗಳನ್ನು ಎತ್ತಿ ತಮ್ಮ ಜಾಲತಾಣದಲ್ಲಿ ಹಾಕಿದರೆ, ಅದನ್ನು ತೋರಿಸುತ್ತಿರುವ ವೇದಿಕೆಗೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಡಿ ಲಿಖಿತ ದೂರು ಕೊಡಿ. 36 ಗಂಟೆಯೊಳಗೆ ಅವರು ಕ್ರಮ ಕೈಗೊಳ್ಳಬೇಕು, ಆದರೆ 21 ದಿನದಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ಪುಟ ಮತ್ತೆ ತೆರೆದುಕೊಳ್ಳಬಹುದು. ದೂರನ್ನು ‘ನನ್ನ ಚಿತ್ರ ಕದ್ದರು’ ಎಂದು ಶುರುಮಾಡಬೇಡಿ. ಕದ್ದ ಕಥೆಯ ಸಾಲುಗಳು, ಪುಟದ ಜೋಡಣೆ, ನೀವು ಬರೆದ ಆ ಮುಂದಲೆ, ಇವನ್ನು ಮೊದಲು ಇಟ್ಟು ಬರೆಯಿರಿ.