ಕೊರೊನಾ ಹೋಯಿತು, ಸುಸ್ತು ಹೋಗಲಿಲ್ಲ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಮೂರು ತಿಂಗಳ ಹಿಂದೆ ಕೊರೊನಾ ಬಂದಿತ್ತು. ನಾಲ್ಕೇ ದಿನಕ್ಕೆ ಜ್ವರ ಬಿಟ್ಟಿತು, ಆಸ್ಪತ್ರೆಗೆ ಸೇರಬೇಕಾಗಲಿಲ್ಲ. ಆದರೆ ಸುಸ್ತು ಮಾತ್ರ ಬಿಡುತ್ತಿಲ್ಲ. ಒಂದೊಂದು ದಿನ ಚೆನ್ನಾಗಿದ್ದೇನೆ ಅನಿಸುತ್ತದೆ, ಖುಷಿಯಲ್ಲಿ ಒಂದು ಗಂಟೆ ಜೋರಾಗಿ ನಡೆದು ಬರುತ್ತೇನೆ. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳೋಕೆ ಆಗಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲಾ ನಾರ್ಮಲ್. ಮನೆಯವರು "ಸೋಮಾರಿತನ ಬಿಡು, ಮೈ ಬಗ್ಗಿಸಿದರೆ ಎಲ್ಲಾ ಸರಿಹೋಗುತ್ತೆ" ಅಂತಾರೆ. ಹಠ ಹಿಡಿದು ವ್ಯಾಯಾಮ ಮಾಡಲೇ?

ಉತ್ತರ: ಬೇಡ. ಖಂಡಿತ ಬೇಡ. ಈ ಉತ್ತರವನ್ನು ದಯವಿಟ್ಟು ನಿಮ್ಮ ಮನೆಯವರಿಗೂ ಓದಿಸಿ.

ನೀವು ಬರೆದಿರುವುದು ಸೋಮಾರಿತನ ಅಲ್ಲ. ದಣಿದಾಗ ಏನೂ ಅನಿಸದೆ, ಅರ್ಧ ದಿನವೋ ಎರಡು ದಿನವೋ ಬಿಟ್ಟು ಸುಸ್ತು, ಮೈಕೈ ನೋವು, ತಲೆಭಾರ ಎಲ್ಲಾ ಒಟ್ಟಿಗೆ ಬಂದು ಬೀಳುವುದಕ್ಕೆ ಡಾಕ್ಟರುಗಳು ಪೋಸ್ಟ್ ಎಕ್ಸರ್ಷನಲ್ ಮಲೇಸ್ ಅನ್ನುತ್ತಾರೆ. ಲಾಂಗ್ ಕೋವಿಡ್ (ಕೊರೊನಾ ಹೋದ ಮೇಲೂ ತಿಂಗಳುಗಟ್ಟಲೆ ಲಕ್ಷಣ ಉಳಿಯುವುದು) ಇರುವ ತುಂಬಾ ಜನರಲ್ಲಿ ಇದು ಕಾಣುತ್ತದೆ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ, ಅದಕ್ಕೇ "ಎಲ್ಲಾ ನಾರ್ಮಲ್" ಅಂತ ಬರುತ್ತದೆ. ಆದರೆ 2024ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇಂಥವರಿಗೆ ಸ್ವಲ್ಪ ಹೊತ್ತು ಸೈಕಲ್ ತುಳಿಸಿ, ಅದಕ್ಕೆ ಮೊದಲು ಮತ್ತು ಮಾರನೆಯ ದಿನ ಸ್ನಾಯುವಿನ ಸಣ್ಣ ತುಣುಕು ತೆಗೆದು ನೋಡಿದರು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಸ್ನಾಯುವಿಗೆ ಪೆಟ್ಟು ಬಿದ್ದಿರುವುದು ಕಣ್ಣಿಗೇ ಕಾಣುತ್ತಿತ್ತು. ಇನ್ನು "ಎಲ್ಲಾ ಮನಸ್ಸಿನ ಭ್ರಮೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಗಾದರೆ ಮಾಡುವುದೇನು? ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಇವತ್ತು ಏನು ಮಾಡಿದೆ, ನಾಳೆ ಹೇಗಿದ್ದೆ, ನಾಡಿದ್ದು ಹೇಗಿದ್ದೆ. ನಡೆಯುವಾಗ ಹೇಗನಿಸಿತು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ನಾಡಿದ್ದಿನ ತನಕ ಕಾದು ನೋಡಿದ ಮೇಲೇ ನಿಮ್ಮ ಮಿತಿ ಗೊತ್ತಾಗುವುದು. ಹತ್ತು ನಿಮಿಷ ನಡೆದರೆ ತೊಂದರೆ ಇಲ್ಲ, ಇಪ್ಪತ್ತಾದರೆ ಮಲಗಿಬಿಡುತ್ತೇನೆ ಅಂತ ಗೊತ್ತಾಯಿತಾ? ಹತ್ತಕ್ಕಿಂತ ಸ್ವಲ್ಪ ಕಡಿಮೆಗೇ ನಿಲ್ಲಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಅದೇ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂತುಬಿಡಿ.

ಜಾಸ್ತಿ ಜನ ಎಡವುವುದು ಚೆನ್ನಾಗಿರುವ ದಿನವೇ. ಬಾಕಿ ಉಳಿದ ಕೆಲಸವನ್ನೆಲ್ಲ ಅವತ್ತೇ ಮುಗಿಸುವ ಆಸೆ, ಅಲ್ವಾ? ಅವತ್ತೂ ಉಳಿದ ದಿನದಷ್ಟೇ ಮಾಡಿ. ಇನ್ನೊಂದು, ತಲೆಯ ಕೆಲಸವೂ ಕೆಲಸವೇ. ಎರಡು ಗಂಟೆ ಮೀಟಿಂಗ್, ಲೆಕ್ಕಪತ್ರ, ಮನೆಯಲ್ಲಿ ಜೋರು ವಾದ, ಇವೂ ಮೈಯನ್ನು ಅಷ್ಟೇ ದಣಿಸುತ್ತವೆ, ಹಾಗಾಗಿ ಅಂಥ ದಿನ ವಾಕಿಂಗ್ ಬಿಟ್ಟುಬಿಡಿ, ಪಾಪಪ್ರಜ್ಞೆ ಬೇಡವೇ ಬೇಡ. ಮಿತಿಯೊಳಗೆ ಕೆಲವು ವಾರ ಬೀಳದೆ ಕಳೆದರೆ ಆಮೇಲೆ ಒಂದೊಂದು ನಿಮಿಷ ಏರಿಸುವ ಮಾತು. ಪ್ರತಿವಾರ ಇಷ್ಟು ಏರಿಸಲೇಬೇಕು ಅನ್ನುವ ಪಟ್ಟಿ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಇದೇ ಲಕ್ಷಣ ಇರುವ ಇನ್ನೊಂದು ಹಳೆಯ, ಬಿಡದೆ ಕಾಡುವ ಸುಸ್ತಿನ ಕಾಯಿಲೆ ಎಂಇ/ಸಿಎಫ್‌ಎಸ್. ಅದರ ರೋಗಿಗಳಿಗೆ ಇಂಥ ಕಡ್ಡಾಯ ಏರಿಕೆ ಬೇಡ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲೇ ಹೇಳಿಬಿಟ್ಟಿದೆ.

ಪ್ರಶ್ನೆ: ಕೊರೊನಾ ಬಂದು ಎಂಟು ದಿನ. ಜ್ವರ ಇಲ್ಲ, ಸ್ವಲ್ಪ ಕೆಮ್ಮು ಇದೆ. ಜಿಮ್‌ಗೆ ಯಾವಾಗ ಹೋಗಬಹುದು?

ಉತ್ತರ: ಈಗಲೇ ಬೇಡ. ಕೆಮ್ಮೂ ಸೇರಿ ಎಲ್ಲಾ ಲಕ್ಷಣ ಹೋಗಿ ಕನಿಷ್ಠ ಒಂದು ವಾರವಾದರೂ ಆಗಲಿ. ಈ ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿಗೂ ಊತ ತರುತ್ತದೆ, ಆ ಹೊತ್ತಲ್ಲಿ ಜೋರಾಗಿ ಕಸರತ್ತು ಮಾಡುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ವ್ಯಾಯಾಮಕ್ಕೆ ಮರಳುವುದನ್ನು ಐದು ಹಂತ ಮಾಡಿದೆ: ಉಸಿರಾಟ ಮತ್ತು ಮೈ ಸಡಿಲಿಸುವುದು ಮೊದಲು, ಆಮೇಲೆ ನಿಧಾನ ನಡಿಗೆ, ಹೀಗೆ ಮೇಲೆ ಹೋಗಬೇಕು. ಒಂದೊಂದು ಹಂತದಲ್ಲೂ ಕನಿಷ್ಠ 7 ದಿನ ಇರಬೇಕು, ಕಷ್ಟ ಅನಿಸಿದರೆ ಹಿಂದಿನ ಹಂತಕ್ಕೆ ವಾಪಸ್. ಮೊದಲ ಹಂತಗಳಲ್ಲಿ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡುವಷ್ಟು ಮಾತ್ರ ಶ್ರಮ ಇರಲಿ. ತೂಕ ಎತ್ತುವುದು ಕೊನೆಗೆ.

ಪ್ರಶ್ನೆ: ಅಮ್ಮನಿಗೆ 67. ಕೊರೊನಾದಲ್ಲಿ ಆಕ್ಸಿಜನ್ ಹಾಕಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದು ತಿಂಗಳಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾವು ಏನೂ ಮಾಡಲು ಬಿಡುತ್ತಿಲ್ಲ. ಸರಿ ತಾನೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಪೂರ್ತಿ ಮಲಗಿಸಿದರೂ ಕಷ್ಟವೇ. ಈ ವಯಸ್ಸಿನಲ್ಲಿ ಕೆಲವೇ ದಿನ ಹಾಸಿಗೆ ಹಿಡಿದರೂ ಕಾಲಿನ ಸ್ನಾಯು ಬೇಗ ಕರಗುತ್ತದೆ. ಮೊದಲ ಪತ್ರದವರ ಹಾಗೆ ದಣಿದ ಮಾರನೆ ದಿನ ಮಲಗಿಬಿಡುತ್ತಾರಾ, ಗಮನಿಸಿ. ಹಾಗಿಲ್ಲ ಅಂದರೆ ಸ್ವಲ್ಪ ಸ್ವಲ್ಪವೇ ಓಡಾಡಿಸಬೇಕು. ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು ಒಳ್ಳೆಯ ಶುರುವಾತು, ನಾಲ್ಕೈದು ಸಲ, ದಿನಕ್ಕೆ ಎರಡು ಹೊತ್ತು. ಆಮೇಲೆ ಮನೆಯೊಳಗೇ ನಡಿಗೆ, ಜೊತೆಗೆ ಒಬ್ಬರಿರಲಿ.

ಏದುಸಿರು ಬಂದಾಗ ಕೂತು ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಯ ಮೇಲೆ ಊರಲಿ. ಮೂಗಿನಿಂದ ಉಸಿರು ಎಳೆದುಕೊಂಡು, ತುಟಿ ಕಿರಿದು ಮಾಡಿ ಬಾಯಿಂದ ನಿಧಾನವಾಗಿ ಬಿಡಲಿ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ನಡೆಯುವ ಮೊದಲು, ನಡೆದ ಮೇಲೆ ಎರಡೂ ಸಲ ನೋಡಿ. ನಡೆದ ಮೇಲೆ ಆಕ್ಸಿಜನ್ ಮಟ್ಟ ಶೇ. 3 ಅಥವಾ ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಅವತ್ತಿಗೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಉಗುರುಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಯಂತ್ರ ತಪ್ಪು ತೋರಿಸುತ್ತದೆ, ಸುಮ್ನೆ ಗಾಬರಿಯಾಗಬೇಡಿ.

ಪ್ರಶ್ನೆ: ಎಷ್ಟು ದಿನ ಆದರೆ ಲಾಂಗ್ ಕೋವಿಡ್ ಅನ್ನಬೇಕು?

ಉತ್ತರ: ಸೋಂಕು ಬಂದು ಸುಮಾರು 3 ತಿಂಗಳಾದರೂ ಲಕ್ಷಣ ಇದ್ದು, ಅದು ಕನಿಷ್ಠ 2 ತಿಂಗಳು ಉಳಿದು, ಬೇರೆ ಕಾರಣ ಸಿಗದಿದ್ದರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವಿವರಣೆ ಇದು. ಬೇರೆ ಕಾರಣ ಅಂದರೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇತ್ಯಾದಿ. ಅವನ್ನು ಒಮ್ಮೆ ನೋಡಿಸಿಕೊಳ್ಳಲೇಬೇಕು. ಎಲ್ಲದಕ್ಕೂ ಕೊರೊನಾವನ್ನೇ ದೂರುತ್ತಾ ಕೂತರೆ ಚಿಕಿತ್ಸೆ ಇರುವ ಕಾಯಿಲೆ ಕೈತಪ್ಪುತ್ತದೆ.

ಪ್ರಶ್ನೆ: ಕೂತಾಗ ಚೆನ್ನಾಗಿರುತ್ತೇನೆ, ಎದ್ದು ನಿಂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ತಲೆ ತಿರುಗುತ್ತದೆ. ವಯಸ್ಸು 28. ನಡಿಗೆ ಮುಂದುವರಿಸಲೇ?

ಉತ್ತರ: ಸದ್ಯಕ್ಕೆ ನಿಲ್ಲಿಸಿ, ಮೊದಲು ಡಾಕ್ಟರಿಗೆ ತೋರಿಸಿ. ಹೋಗುವ ಮುಂಚೆ ಒಂದು ಕೆಲಸ ಮಾಡಿ. ಹತ್ತು ನಿಮಿಷ ಮಲಗಿ ನಾಡಿ ಎಣಿಸಿ ಬರೆದಿಡಿ. ಎದ್ದು ನಿಂತು ಎರಡು ನಿಮಿಷಕ್ಕೊಮ್ಮೆ, ಹತ್ತು ನಿಮಿಷದ ತನಕ ಎಣಿಸಿ. ಪಕ್ಕದಲ್ಲಿ ಯಾರಾದರೂ ಇರಲಿ, ಕಣ್ಣು ಕತ್ತಲೆ ಬಂದರೆ ತಕ್ಷಣ ಮಲಗಿ. ಮಲಗಿದ್ದಾಗ ಇದ್ದದ್ದಕ್ಕಿಂತ ನಿಂತಾಗ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಬಡಿತ ಏರಿ, ಬಿ.ಪಿ. ಇಳಿಯದೆ ಇದ್ದರೆ ಅದು ಪಾಟ್ಸ್ (ಎದ್ದು ನಿಂತರೆ ನಾಡಿ ವಿಪರೀತ ಏರುವ ತೊಂದರೆ) ಇರಬಹುದು. ಕೊರೊನಾ ಆದ ಮೇಲೆ ಕೆಲವರಿಗೆ ಇದು ಬರುತ್ತದೆ, ಇದಕ್ಕೆ ಚಿಕಿತ್ಸೆಯೂ ಇದೆ. ಅಂಥವರಿಗೆ ಮಲಗಿ ಅಥವಾ ಕೂತು ಮಾಡುವ ವ್ಯಾಯಾಮವೇ ಮೊದಲು. ನೀರು ಚೆನ್ನಾಗಿ ಕುಡಿಯಿರಿ. ಉಪ್ಪು ಜಾಸ್ತಿ ತಿನ್ನಿ ಅಂತ ಯಾರೋ ಹೇಳಿದರು ಅಂತ ನೀವಾಗಿಯೇ ಶುರುಮಾಡಬೇಡಿ, ಬಿ.ಪಿ. ನೋಡಿ ಡಾಕ್ಟರೇ ಹೇಳಲಿ.

ಎದೆ ನೋವು, ಪ್ರಜ್ಞೆ ತಪ್ಪಿ ಬೀಳುವುದು, ಸುಮ್ಮನೆ ಕೂತಾಗಲೂ ಉಸಿರು ಸಾಲದಿರುವುದು, ಒಂದೇ ಕಾಲು ಊದಿಕೊಂಡು ನೋಯುವುದು, ಇವುಗಳಲ್ಲಿ ಒಂದು ಇದ್ದರೂ ನಾಡಿ ಎಣಿಸುತ್ತಾ ಕೂರಬೇಡಿ, ನಮಗೆ ಪತ್ರ ಬರೆದು ಕಾಯಲೂ ಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.