ಹನ್ನೊಂದು ದಿನ ತಣ್ಣಗಿದ್ದ ಮನೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆ ದಾವಣಗೆರೆಯವರು. ಗಂಡನ ಕೆಲಸದಿಂದಾಗಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಒಂದೂವರೆ ವರ್ಷ. ನನ್ನ ಜೊತೆ ಆಪ್ತಸಮಾಲೋಚನೆಗೆ ವಿಡಿಯೊ ಕರೆಯಲ್ಲಿ ಕೂತ ಕೂಡಲೇ ಅತ್ತರು. "ಮೇಡಂ, ಒಂದು ಹೀಟರ್‌ಗೋಸ್ಕರ ಯಾರಾದ್ರೂ ಅಳ್ತಾರಾ?"

ಜನವರಿ ತಿಂಗಳು. ರೇಡಿಯೇಟರ್‌ಗಳು ಕೆಟ್ಟು ಹನ್ನೊಂದು ದಿನ. ಕಟ್ಟಡ ನೋಡಿಕೊಳ್ಳುವ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದ್ದರು. ಒಂದು ದಿನ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಕಾದ ಮೇಲೆ ಒಬ್ಬ ಬಂದ. ಪಾರ್ಟ್ ತರಿಸಬೇಕು ಅಂತ ಹೇಳಿ ಹೋದ. ಮಗು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮಲಗುತ್ತಿತ್ತು. ಗಂಡ "ಇಲ್ಲಿ ಹೀಗೇ, ಅಡ್ಜಸ್ಟ್ ಮಾಡ್ಕೋ" ಅಂದಿದ್ದರು. ಆ ಮಾತು ಚಳಿಗಿಂತ ಜಾಸ್ತಿ ನೋಯಿಸಿತ್ತು.

ಊರಲ್ಲಿ ಮನೆ ರಿಪೇರಿಯೆಲ್ಲ ಆಕೆಯದೇ. ನಲ್ಲಿ ಸೋರಿದರೆ ಪ್ಲಂಬರ್‌ಗೆ ಒಂದು ಫೋನ್, ಸಂಜೆಗೆ ಬರುತ್ತಿದ್ದ. ಪಕ್ಕದಲ್ಲೇ ನಿಂತು ಹೊಸ ವಾಷರ್ ಹಾಕಿದನೋ ಇಲ್ಲವೋ ನೋಡುತ್ತಿದ್ದರು. ಈಗ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನೋದೇ ತಿಳಿಯದು. "ಏನೂ ಕೈಲಾಗದವಳಾಗಿಬಿಟ್ಟೆ" ಅಂದರು.

ಚಳಿಯಲ್ಲಿ ನಡುಗುತ್ತಿರುವವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡೋದು ನನಗೆ ಸರಿ ಕಾಣಲ್ಲ. ಮೊದಲು ಹೀಟರ್ ವಿಷಯವನ್ನೇ ಎತ್ತಿಕೊಂಡೆ. ಜರ್ಮನಿಯ ನಾಗರಿಕ ಸಂಹಿತೆಯ 535ನೇ ಕಲಂ ಪ್ರಕಾರ ಬಾಡಿಗೆ ಮನೆಯನ್ನು ವಾಸಕ್ಕೆ ತಕ್ಕಂತೆ ಇಡೋದು ಮಾಲೀಕರ ಹೊಣೆ. ನೀವು ಕೇಳುತ್ತಿರೋದು ಉಪಕಾರ ಅಲ್ಲ, ಅಲ್ವಾ? ಫೋನ್ ಮಾಡಿದ್ದು ಸಾಕು, ಇನ್ನು ಬರೆದು ಕಳಿಸಿ ಅಂದೆ. ಯಾವ ದಿನದಿಂದ ಕೆಟ್ಟಿದೆ, ಯಾವ ಕೋಣೆಯಲ್ಲಿ ಎಷ್ಟು ಡಿಗ್ರಿ ಇದೆ, ಯಾವ ತಾರೀಖಿನೊಳಗೆ ಸರಿಯಾಗಬೇಕು, ಎಲ್ಲ ಅದರಲ್ಲಿರಲಿ. ರಿಜಿಸ್ಟರ್ಡ್ ಅಂಚೆಯಲ್ಲೇ ಹೋಗಲಿ. 536ನೇ ಕಲಂ ಬಾಡಿಗೆ ಕಡಿತಕ್ಕೆ ಅವಕಾಶ ಕೊಡುತ್ತೆ. ಆದರೆ ಸಿಟ್ಟಿನಲ್ಲಿ ನೀವೇ ಲೆಕ್ಕ ಹಾಕಿ ಹಿಡಿದುಕೊಳ್ಳಬೇಡಿ. ಜಾಸ್ತಿ ಹಿಡಿದರೆ ಮನೆ ಖಾಲಿ ಮಾಡಿ ಅನ್ನೋ ನೋಟಿಸ್ ಬರಬಹುದು. ಅಲ್ಲಿ ಬಾಡಿಗೆದಾರರ ಸಂಘ ಇದೆ, ಮೀಟರ್‌ಫೆರೈನ್ ಅಂತಾರೆ. ಸದಸ್ಯರಾದರೆ ಕಾನೂನು ಸಲಹೆ ಸಿಗುತ್ತೆ.

ಗಂಡನಿಗೆ ಏನು ಹೇಳಲಿ ಅಂತ ಕೇಳಿದರು. "ಪರಿಹಾರ ಹೇಳು ಅನ್ನಬೇಡಿ. ಪತ್ರ ಬರೆಯೋವಾಗ ಪಕ್ಕದಲ್ಲಿ ಕೂತ್ಕೋ ಅನ್ನಿ. ಅಡ್ಜಸ್ಟ್ ಮಾಡ್ಕೋ ಅಂದಾಗ ನಾನು ಒಂಟಿ ಅನ್ನಿಸ್ತು ಅಂತ ಸುಮ್ನೆ ಹೇಳಿಬಿಡಿ." ಇನ್ನೊಂದು ಮಾತನ್ನೂ ಸೇರಿಸಿದೆ. ವಾರಕ್ಕೆ ಒಂದಾದರೂ ಸಣ್ಣ ರಿಪೇರಿ ನೀವೇ ಮಾಡಿ.

ಎರಡು ವಾರದ ನಂತರ ಮತ್ತೆ ಮಾತಾಡಿದೆವು. ಪತ್ರ ತಲುಪಿದ ಮೇಲೆ ಹೀಟರ್ ಸರಿಯಾಗಿತ್ತು. ಅದನ್ನು ಒಂದೇ ಮಾತಲ್ಲಿ ಮುಗಿಸಿದರು. ಮ್ಯೂನಿಕ್‌ನದು ಗಡಸು ನೀರು. ಸುಣ್ಣ ಕಟ್ಟಿದ್ದ ಅಡುಗೆಮನೆ ನಲ್ಲಿಯ ಜಾಲರಿ ಬಿಚ್ಚಿ, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಮತ್ತೆ ಕೂರಿಸಿದ್ದರಂತೆ. ಫೋನ್ ಹಿಡಿದುಕೊಂಡೇ ಹೋಗಿ ನಲ್ಲಿ ತಿರುಗಿಸಿದರು. "ನೋಡಿ ಮೇಡಂ, ಎಷ್ಟು ಜೋರಾಗಿ ಬರ್ತಿದೆ!"