ಶಿಲೀಂಧ್ರದ ಮದ್ದು ಕಾಲಾ ಅಜಾರ್‌ಗೆ ಏಕೆ?

ಪ್ರಶ್ನೆ: ಬಿಹಾರದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನಿಗೆ ಕಾಲಾ ಅಜಾರ್ ಬಂದಿತ್ತು. ಆಂಫೊಟೆರಿಸಿನ್ ಬಿ ಕೊಟ್ಟರಂತೆ. ಅದು ಶಿಲೀಂಧ್ರಗಳ ಔಷಧವಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹೌದು, ಆದರೆ ವೈದ್ಯರು ಎಡವಿಲ್ಲ. ಮರಳು ನೊಣ ಕಚ್ಚಿ ಮೈಸೇರಿ ಕಾಲಾ ಅಜಾರ್ ತರುವ ಲೀಶ್ಮೇನಿಯಾ ಶಿಲೀಂಧ್ರವಲ್ಲ, ಏಕಕೋಶ ಪರೋಪಜೀವಿ. ಇದಕ್ಕೂ ಶಿಲೀಂಧ್ರಕ್ಕೂ ಹೋಲಿಕೆ ಇರುವುದು ಕೋಶಪೊರೆಯ ಕೊಬ್ಬಿನಲ್ಲಿ. ನಮ್ಮ ಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ ಅವುಗಳಲ್ಲಿ ಎರ್ಗೊಸ್ಟೆರಾಲ್ ಜಾತಿಯ ಕೊಬ್ಬು. ಆಂಫೊಟೆರಿಸಿನ್ ಇದನ್ನೇ ಹಿಡಿಯುತ್ತದೆ. ಪೊರೆ ಸೋರಿ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಜೀವಿ ಸಾಯುತ್ತದೆ. ಕೊಲೆಸ್ಟೆರಾಲಿಗೂ ಅದು ಅಷ್ಟಿಷ್ಟು ಅಂಟುವುದರಿಂದಲೇ ಹಳೆಯ ರೂಪದ ಔಷಧ ಮೂತ್ರಪಿಂಡಗಳನ್ನು ಕಾಡುತ್ತಿತ್ತು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಮುಂದಿನ ಉಪಾಯ. ಈಗ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ, ಅಂದರೆ ಲೈಪೊಸೋಮ್‌ಗಳಲ್ಲಿ ಇಟ್ಟು ಕೊಡುತ್ತಾರೆ. ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಅವನ್ನು ನುಂಗುತ್ತವೆ. ಲೀಶ್ಮೇನಿಯಾ ಅಡಗಿರುವುದೂ ಅಲ್ಲಿಯೇ! ಭಾರತದಲ್ಲಿ ದೇಹತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಒಂದೇ ಬಾರಿ ಕೊಡುವ ಪದ್ಧತಿಯಿದೆ.

ಗುಣವಾಗಿ ವರ್ಷಗಳಾದ ಮೇಲೂ ಚರ್ಮದಲ್ಲಿ ಬಿಳಿಚಿದ ಮಚ್ಚೆ ಕಂಡರೆ ತಮ್ಮನನ್ನು ತಡಮಾಡದೆ ವೈದ್ಯರ ಬಳಿ ಕಳುಹಿಸಿ.